ಒಂಬತ್ತನೇ ಬೇಡಿಕೆ

ಡೆನಿಸ್ ಪೊರ್ಬುಗಳ ಎಣ್ಣೆ ಗಿರಣಿ ನಿಂತುಹೋದದ್ದರಲ್ಲಿ ನನ್ನ ಕೈಯೂ ಇದೆ. ಅವರು ಸಾಯುವವರೆಗೂ ಅದನ್ನು ಆಡಿ ತೋರಿಸಲಿಲ್ಲ. ಅದಕ್ಕೇ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಪೊರ್ಬುಗಳೆಂದೇ ಕರೆಯುವುದು. ಅಲೆವೂರಿನಲ್ಲಿ ಅವರದು ಹೊನ್ನೆ ಎಣ್ಣೆಯ ಗಿರಣಿ. ಕಾಪುವಿನಿಂದ ಹೆಜಮಾಡಿಯವರೆಗೆ ಕಡಲ ಬದಿಯ ಹೊನ್ನೆ ಮರಗಳ ಕೆಳಗೆ ಬಿದ್ದ ಕಾಯಿಗಳನ್ನು ಹೆಂಗಸರು ಹೆಕ್ಕಿ, ಒಣಗಿಸಿ, ಒಡೆದು ತರುತ್ತಿದ್ದರು. ಪೊರ್ಬುಗಳು ಚೀಲದಿಂದ ಒಂದು ತಿರುಳು ತೆಗೆದು, ತಂದವರ ಎದುರಿಗೇ ಉಗುರು ಒತ್ತುತ್ತಿದ್ದರು. ಎಣ್ಣೆ ಜಿನುಗಿದರೆ "ಒಳ್ಳೆಯದುಂಟು" ಎನ್ನುವರು. ಆಮೇಲೆ ಚೌಕಾಸಿಯಿಲ್ಲ. ಮಣಿಪಾಲದ ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದ ರತ್ನವ್ವ, ಸೊಂಟ ಹಿಡಿದ ಮೇಲೆ ಈ ಒಂದು ಮಾತನ್ನು ನಂಬಿಯೇ ಬದುಕಿದವಳು.

ಆದರೆ ಮರದ ದೋಣಿ ಹೋಗಿ ಫೈಬರ್ ದೋಣಿ ಬಂತು, ಬಳಿಯಲು ಹೊನ್ನೆ ಎಣ್ಣೆ ಯಾರಿಗೂ ಬೇಡವಾಯಿತು. ಎರಡು ಸಾವಿರದ ನಾಲ್ಕರಲ್ಲಿ, ಡೀಸೆಲ್ಲಿಗೆ ಬೆರೆಸಲು ಸರ್ಕಾರವೇ ಎಣ್ಣೆಬೀಜ ಕೊಳ್ಳುತ್ತದೆ, ಅದಕ್ಕೊಂದು ಪಟ್ಟಿ ಮಾಡುತ್ತದೆ ಎಂಬ ಸುದ್ದಿ ಬಂತು. ಆ ಪಟ್ಟಿಯಲ್ಲಿ ಹೊನ್ನೆ ಸೇರಿದರೆ ಗಿರಣಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಕಾರ್ಕಳದ ನರ್ಸರಿಯ ಗಣಪಣ್ಣ ಆಗ ಸರ್ಕಾರಕ್ಕೆ ಬೇಡಿಕೆ ಸಲ್ಲಿಸಲು ಒಂದು ಒಕ್ಕೂಟ ಕಟ್ಟಿದ್ದ. ಅದರಲ್ಲಿ ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ ಮಾಡುವ ಸಕ್ಕರೆ ಕಾರ್ಖಾನೆಯವರು, ಜಟ್ರೋಫಾ ಎಂಬ ಇನ್ನೊಂದು ಎಣ್ಣೆಬೀಜದ ಸಸಿ ಮಾರುವವರು, ಯಂತ್ರದ ಏಜೆಂಟರು, ಎಲ್ಲರೂ ಇದ್ದರು. ಉಡುಪಿಯಲ್ಲಿ ಅರ್ಜಿ ಟೈಪ್ ಮಾಡುವ ನನ್ನ ಅಂಗಡಿಯಲ್ಲೇ ಅವನು ಪೊರ್ಬುಗಳಿಗೆ ಹೇಳಿದ, "ಒಬ್ಬರೇ ಹೋದರೆ ಯಾರು ಕೇಳುತ್ತಾರೆ? ಒಟ್ಟಿಗೆ ಹೋಗುವ. ನೀವು ನಿಮ್ಮ ಹೆಂಗಸರ ಸಹಿ ತನ್ನಿ."

ಟೈಪಾದ ಬೇಡಿಕೆಗಳ ಹಾಳೆಯ ಮೇಲೆ ಪೊರ್ಬುಗಳು ಬೆರಳಾಡಿಸಿದರು. "ಕುಶಲಕ್ಕಾ, ಹೊನ್ನೆ ಎಲ್ಲಿ ಉಂಟು?"

"ಒಂಬತ್ತನೆಯದು."

"ಕೊನೆಗಾ?"

"ಉಂಟಲ್ಲ ಮಾರಾಯ್ರೇ. ಇನ್ನೆಂತ ಬೇಕು ನಿಮಗೆ?"

ಹೀಗೆ ಹೇಳಿದವಳು ನಾನೇ. ನನ್ನ ಬುದ್ಧಿಗೆ ಏನಾಗಿತ್ತೋ! ಸಹಿಯ ಹಾಳೆಗಳ ನೆತ್ತಿಯಲ್ಲಿ ಗಣಪಣ್ಣ ಹೇಳಿದಂತೆ "ಜಟ್ರೋಫಾ ಬೆಳೆಗಾರರು ಮತ್ತು ಇತರರು" ಎಂದು ಹೊಡೆದವಳೂ ನಾನೇ. ಓದುಬರಹ ತಿಳಿಯದ ಇನ್ನೂರು ಹೆಂಗಸರು ಪೊರ್ಬುಗಳ ಮುಖ ನೋಡಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರು. ರತ್ನವ್ವನದೇ ಮೊದಲು.

ವರ್ಷದ ನಂತರ ಆದೇಶ ಬಂತು. ಮೊದಲ ಮೂರು ಬೇಡಿಕೆ ಮಂಜೂರು. ಸಕ್ಕರೆಯವರಿಗೆ, ಸಸಿಯವರಿಗೆ, ಯಂತ್ರದವರಿಗೆ ಬೇಕಾದದ್ದು ಸಿಕ್ಕಿತು. ಉಳಿದ ಆರು "ಪರಿಶೀಲನೆಯಲ್ಲಿವೆ". ನಾವು ಕಾರ್ಕಳಕ್ಕೆ ಹೋದರೆ ಒಕ್ಕೂಟದ ಬೋರ್ಡೇ ಇರಲಿಲ್ಲ. ಗಣಪಣ್ಣ ಸಸಿಗಳಿಗೆ ನೀರು ಬಿಡುತ್ತ, "ಸಿಕ್ಕಿದ್ದನ್ನು ಬಿಡಲಿಕ್ಕಾಗುತ್ತದಾ? ಮುಂದಿನ ಸಲ ನೋಡುವ" ಎಂದು ಕೈ ತೊಳೆದುಕೊಂಡ.

ಪೊರ್ಬುಗಳು ಹೊನ್ನೆಗೆಂದೇ ಬೇರೆ ಅರ್ಜಿ ಬರೆಸಿಕೊಂಡು ಸರ್ಕಾರಿ ಕಚೇರಿಗೆ ಹೋದರು. ಜೊತೆಗೆ ನಾನಿದ್ದೆ. ಅಧಿಕಾರಿ ಒಳ್ಳೆಯವರೇ. ಫೈಲು ಬಿಚ್ಚಿ ಹೆಬ್ಬೆಟ್ಟಿನ ಹಾಳೆಗಳನ್ನು ನಮ್ಮ ಕಡೆ ತಿರುಗಿಸಿ ಕೇಳಿದರು, "ನಿಮ್ಮವರೆಲ್ಲ ಜಟ್ರೋಫಾ ಬೇಕೆಂದು ಕೊಟ್ಟಿದ್ದಾರಲ್ಲ? ಹೊನ್ನೆಯವರು ಅಂತ ಇಲ್ಲಿ ಯಾರೂ ಇಲ್ಲ." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪೊರ್ಬುಗಳು "ಆಯ್ತು ಸರ್" ಎಂದು ಎದ್ದರು.

ರಸ್ತೆ ಬದಿಗೆ ನೆಟ್ಟ ಜಟ್ರೋಫಾ ಎರಡೇ ಮಳೆಗಾಲಕ್ಕೆ ಬೇರು ಕೊಳೆತು ಸತ್ತಿತು. ಅದನ್ನು ಯಾರೂ ಕೇಳಲಿಲ್ಲ.

ಗಿರಣಿಯ ಯಂತ್ರವನ್ನು ಗುಜರಿಯವನು ಬಿಚ್ಚುತ್ತಿದ್ದ ದಿನ ನಾನು ಅಲ್ಲೇ ಇದ್ದೆ. ರತ್ನವ್ವ ಎಂದಿನಂತೆ ಚೀಲ ಹೊತ್ತುಕೊಂಡು ಬಂದಳು. ಪೊರ್ಬುಗಳು ಅಭ್ಯಾಸಬಲದಿಂದ ಒಂದು ತಿರುಳು ತೆಗೆದು ಉಗುರು ಒತ್ತಿದರು. ಎಣ್ಣೆ ಜಿನುಗಿತು.

"ಒಳ್ಳೆಯದುಂಟು" ಎಂದರು. ಬೆರಳನ್ನು ಲುಂಗಿಗೆ ಒರೆಸಿಕೊಂಡರು. "ಇನ್ನು ಹೆಕ್ಕಬೇಡ ರತ್ನವ್ವ."

"ಒಳ್ಳೇದೈತಿ ಅಂದ್ರಲ್ರೀ? ಮತ್ಯಾಕ?"

ಪೊರ್ಬುಗಳು ನನ್ನ ಮುಖ ನೋಡಿದರು. ಜಟ್ರೋಫಾ ಬೇಕೆಂದು ಕೊಟ್ಟ ಕಾಗದದಲ್ಲಿ ಮೊದಲ ಹೆಬ್ಬೆಟ್ಟು ಆಕೆಯದೇ ಇತ್ತು.