ಗೂಟದ ಮೇಲೆ ಉಳಿದ ಕರಡಿಗೆ

ಶಹಾಪುರದ ಓಂಕಾರನಿಗೆ ನಲವತ್ತು ದಾಟಿದ ಮೇಲೆ ಒಂದು ಹೊಸ ಹುಚ್ಚು ಹಿಡಿಯಿತು. ಆ ವಯಸ್ಸಿನಲ್ಲಿ ಗಂಡಸರಿಗೆ ಏನಾದರೊಂದು ಹಿಡಿಯಲೇಬೇಕು. ಕೆಲವರು ಬೆಳಗಾಗೆದ್ದು ಓಡುತ್ತಾರೆ, ಕೆಲವರು ಎದ್ದಲ್ಲೇ ಕೂತು ರಾಜಕೀಯ ಮಾತಾಡುತ್ತಾರೆ. ಇವನಿಗೆ ಹಿಡಿದದ್ದು ಬಿಯರಿನ ಹುಚ್ಚು. ಬಾರಿನ ಮೂಲೆಯಲ್ಲಿ ಕೂತು ಗಟಗಟ ಇಳಿಸುವ ಬಿಯರಲ್ಲ. ಸಣ್ಣ ಬ್ರೂವರಿಗಳಲ್ಲಿ ಸ್ವಲ್ಪ ಸ್ವಲ್ಪವೇ ಮಾಡುತ್ತಾರಲ್ಲ, ಒಂದೊಂದಕ್ಕೂ ಬೇರೆ ಬೇರೆ ವಾಸನೆ, ಬೇರೆ ಬೇರೆ ರುಚಿ, ಆ ಕ್ರಾಫ್ಟ್ ಬಿಯರು.

ಹುಚ್ಚು ಹಿಡಿಸಿದವನು ಗೆಳೆಯ ಕಲ್ಮೇಶ. ಪೀರನವಾಡಿಯಲ್ಲಿ ಅವನ ಮನೆ, ಖಾನಾಪುರದ ಹತ್ತಿರ ಹೊಲ. ಹೊಲದಲ್ಲೊಂದು ಹೆಂಚಿನ ಕೋಣೆ. ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಅಲ್ಲಿ ನಾಲ್ಕು ಜನ ಸೇರುತ್ತಿದ್ದರು: ಓಂಕಾರ, ಕಲ್ಮೇಶ, ಸದಾಶಿವನಗರದಲ್ಲಿ ಬೇಕರಿ ನಡೆಸುವ ಮಾಲಾ, ಅವಳ ಗಂಡ ವಿನಯ. ಅವರದೊಂದು ನೇಮವಿತ್ತು. ಒಬ್ಬರು ಯಾವ ಬಿಯರು ಎಂದು ಹೇಳದೆ ಸಣ್ಣ ಗ್ಲಾಸಿಗೆ ಸುರಿಯಬೇಕು. ಉಳಿದವರು ಮೊದಲು ಮೂಸಬೇಕು, ಏನು ವಾಸನೆ ಬಂತೆಂದು ಹೇಳಬೇಕು, ಆಮೇಲೆ ಒಂದು ಗುಟುಕು. ಒಂದು ರುಚಿಗೂ ಇನ್ನೊಂದಕ್ಕೂ ನಡುವೆ ನಾಲಿಗೆ ತೊಳೆಯಲು ಬರೀ ಚುರುಮುರಿ. ಸಿಹಿಯೆಂದು ಕುಂದಾ ತಂದವರನ್ನು ಬೈದು ಹೊರಗೆ ಇಡಿಸುತ್ತಿದ್ದರು. ಮಾಲಾ ಎರಡು ಹನಿ ನಾಲಿಗೆಗೆ ಸೋಕಿಸಿ ಉಗುಳಿಬಿಡುತ್ತಿದ್ದಳು, ಏಕೆಂದರೆ ಕಾರು ಓಡಿಸಬೇಕಾದವಳು ಅವಳೇ.

ಫೌಂಡ್ರಿ ಕೆಲಸದಲ್ಲಿ ಸುಟ್ಟ ಮರಳಿನ ವಾಸನೆ ಕುಡಿದು ಬದುಕಿದ ಮೂಗು ಓಂಕಾರನದು. ಆದರೂ ಆ ನಾಲ್ವರಲ್ಲಿ ಅವನ ಮೂಗೇ ಚುರುಕು. ಮೊದಲ ಸಲ ಗೋದಿಯ ಬಿಯರು ಮೂಸಿದಾಗ ಉಳಿದವರು ಹಣ್ಣು, ಹೂವು ಎಂದು ತಡಕಾಡುತ್ತಿದ್ದರು. ಇವನು ಕಣ್ಣು ಮುಚ್ಚಿ, "ನಮ್ಮವ್ವ ಮಾಡೂ ಬಾಳಿಹಣ್ಣಿನ ಶೀಕರಣಿ. ಲವಂಗ ಹಾಕಿರ್ತಾಳು ನೋಡ್ರಿ, ಥೇಟ ಅದ!" ಅಂದ. ಎಲ್ಲರೂ ಮತ್ತೆ ಮೂಸಿದರು. ಹೌದಾಗಿತ್ತು. ಕಪ್ಪು ಬಿಯರಿನಲ್ಲಿ ಅವನಿಗೆ ತಳ ಹಿಡಿದ ಬೆಲ್ಲದ ಪಾಕ ಸಿಕ್ಕಿತು, ಇನ್ನೊಂದರಲ್ಲಿ ಮಾವಿನಕಾಯಿಯ ಸೊನೆ. ಎಲ್ಲವೂ ಅವ್ವ ಕಾಶವ್ವನ ಅಡುಗೆಮನೆಯಿಂದಲೇ ಎದ್ದು ಬಂದವು. ಆ ಅವ್ವನಿಗೆ ಮಾತ್ರ ಇದರ ಸುಳಿವೂ ಇಲ್ಲ ಎಂದು ಅವನು ನಂಬಿದ್ದ.

ಕಾಶವ್ವನದು ಲಿಂಗಪೂಜೆಯಿಲ್ಲದೆ ನೀರು ಮುಟ್ಟದ ಜೀವ. ಮಗ ಹುಟ್ಟಿದಾಗ ತೊಟ್ಟಿಲಲ್ಲಿ ಕಟ್ಟಿಸಿದ ಇಷ್ಟಲಿಂಗ ಇವತ್ತಿಗೂ ಅವನ ಕೊರಳಲ್ಲಿ, ಬೆಳ್ಳಿಯ ಕರಡಿಗೆಯೊಳಗೆ ಇತ್ತು. ದಿನಾ ಮುಂಜಾನೆ ಸ್ನಾನವಾದ ಮೇಲೆ ತಾಯಿ ಮಗ ಬಾಜುಬಾಜು ಮಣೆ ಹಾಕಿಕೊಂಡು, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಪತ್ರಿ ಏರಿಸಿ ಪೂಜೆ ಮಾಡುತ್ತಿದ್ದರು. ಕೊರಳಲ್ಲಿ ಲಿಂಗ ಇಟ್ಟುಕೊಂಡು ಬಿಯರು ಕುಡಿಯಲು ಓಂಕಾರನಿಗೆ ಮನಸ್ಸು ಬರಲಿಲ್ಲ. ಕುಡಿಯದೆ ಇರಲಿಕ್ಕೂ ಮನಸ್ಸು ಬರಲಿಲ್ಲ. ಅದಕ್ಕೆ ಅವನೊಂದು ಹಾದಿ ಹುಡುಕಿಕೊಂಡ. ಹೊಲದ ಕೋಣೆ ಹೊಕ್ಕ ಕೂಡಲೇ ಕರಡಿಗೆಯನ್ನು ತೆಗೆದು ಒಳಗಿನ ಗೂಟಕ್ಕೆ ತೂಗುಹಾಕುವುದು. ಹೊರಡುವಾಗ ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ ಮತ್ತೆ ಕೊರಳಿಗೆ ಹಾಕಿಕೊಳ್ಳುವುದು. ದೇವರಿಗೂ ಬಿಯರಿಗೂ ಮುಖಾಮುಖಿ ಆಗದಂತೆ ನೋಡಿಕೊಂಡೆನೆಂದು ಅವನಿಗೆ ಒಳಗೊಳಗೇ ಸಮಾಧಾನ. ಎಂಥ ಸಮಾಧಾನವೋ ಏನೋ.

ಆ ಶನಿವಾರ ಕಲ್ಮೇಶ ನಗು ತಡೆದುಕೊಂಡು ಕೆಂಪು ಬಣ್ಣದ ಬಿಯರೊಂದನ್ನು ಸುರಿದ. ಓಂಕಾರ ಮೂಸಿದವನೇ ಎದ್ದು ನಿಂತ.

"ಅಮಸೂಲ! ಲೇ, ಅಮಸೂಲಿನ ಸಾರು!"

ಖರೆಯೇ. ಕಲ್ಮೇಶ ತನ್ನ ಹೊಲದ ಅಮಸೂಲನ್ನೇ, ಅಂದರೆ ಪುನರ್ಪುಳಿಯ ಒಣಸಿಪ್ಪೆಯನ್ನೇ, ಪರಿಚಯದ ಬ್ರೂವರಿಯವನಿಗೆ ಕೊಟ್ಟು, ಒಂದು ಸಣ್ಣ ಪೀಪಾಯಿ ಮಾಡಿಸಿದ್ದ. ಖಾನಾಪುರದ ಹುಳಿ ಬಿಯರಿನೊಳಗೆ ಬಂದು ಕೂತಿದೆ ಎಂದರೆ ಅವರ ಸಂಭ್ರಮ ಕೇಳಬೇಕೆ? ಇದಕ್ಕೆ ಏನು ಹೆಸರಿಡುವುದು, ಹುಳಿ ಹೆಚ್ಚಾಯಿತೋ, ಮುಂದಿನ ಸಲ ಉಪ್ಪು ಹಾಕಬೇಕೋ ಎಂದು ಕಾರು ಹತ್ತುವಾಗಲೂ ವಾದ, ಕಾರು ಹತ್ತಿದ ಮೇಲೂ ವಾದ. ಓಂಕಾರ ಮನೆಗೆ ಬಂದು ಎಂದಿನಂತೆ ಲವಂಗ ಅಗಿದು ಮಲಗಿದ.

ಮರುದಿನ ಸ್ನಾನಕ್ಕೆ ಅಂಗಿ ಬಿಚ್ಚಿದಾಗ ಕೈ ಎದೆಗೆ ಹೋಯಿತು. ಕೊರಳು ಬರಿದಾಗಿತ್ತು.

ನಿನ್ನೆಯ ವಾದದ ಗದ್ದಲದಲ್ಲಿ ಕರಡಿಗೆ ಹೊಲದ ಗೂಟದ ಮೇಲೇ ಉಳಿದುಬಿಟ್ಟಿತ್ತು. ಲಿಂಗ ಕಳೆದುಕೊಂಡವನಿಗೆ ಬದುಕುವ ಹಕ್ಕಿಲ್ಲ ಎಂದು ಹಳೆಯ ಮಂದಿ ಹೇಳುತ್ತಿದ್ದುದನ್ನು ಚಿಕ್ಕವನಿದ್ದಾಗ ಕೇಳಿದ್ದ. ಆಗ ನಕ್ಕಿದ್ದ, ಈಗ ನಗು ಬರಲಿಲ್ಲ. ಹೊರಗಿನಿಂದ ಕಾಶವ್ವ ಕರೆದಳು: "ಓಂಕಾರಾ, ಪೂಜಾಕ ಹೊತ್ತಾತು, ಬಾರೋ."

ಆಗ ಅವನು ಮಾಡಿದ ಕೆಲಸ ಲಿಂಗ ಕಟ್ಟಿಕೊಂಡವರು ಮಾತ್ರ ಮಾಡಬಹುದಾದ ತಪ್ಪು. ಎಂದಿನಂತೆ ವಿಭೂತಿ ಹಚ್ಚಿಕೊಂಡು ಬಂದು ಮಣೆಯ ಮೇಲೆ ಕೂತ. ಬರಿ ಅಂಗೈಯನ್ನು ಬಟ್ಟಲಿನಂತೆ ಮಡಿಸಿ, ಅದರ ಮೇಲೆ ಪತ್ರಿ ಏರಿಸಿದ, ಹೂವು ಏರಿಸಿದ, ಕಣ್ಣು ನೆಟ್ಟು ಕೂತ. ಬಾಜುವಿನಲ್ಲಿ ಅವ್ವನ ತುಟಿಗಳು ಅಲುಗುತ್ತಿದ್ದವು. ಅವಳು ಒಮ್ಮೆ ಇತ್ತ ತಿರುಗಿದಂತೆ ಕಂಡಿತು, ಇಲ್ಲ ಎಂದುಕೊಂಡ. ಎದ್ದಾಗ ಹೆಂಡತಿ ಪದ್ಮಶ್ರೀ ಚಹಾ ತಂದಿಟ್ಟಳು. ಅವನು ಅದನ್ನು ಮುಟ್ಟದೆ ಬೈಕಿನ ಕೀಲಿ ತೆಗೆದುಕೊಂಡ.

"ಒಂದ ಅರ್ಜೆಂಟ ಕೆಲಸ ಐತಿ ಅವ್ವಾ. ಬಂದ ಮ್ಯಾಲೆ ನಾಷ್ಟಾ ಮಾಡ್ತೀನಿ."

"ಹೋಗಿ ಬಾ," ಎಂದಳು ಕಾಶವ್ವ. ಅಷ್ಟೇ.

ಪೀರನವಾಡಿಯಲ್ಲಿ ಕಲ್ಮೇಶ ಬೈಕಿನ ಹಿಂದೆ ಹತ್ತಿದ. ವಿಷಯ ಕೇಳಿ ಅವನು ಹಗುರವಾಗಿಯೇ ಅಂದ: "ಅದಕ್ಯಾಕ ಇಷ್ಟ ಗಾಬರಿ ಆಗತಿ? ನನ್ನ ಲಿಂಗ ದೇವರ ಜಗಲಿ ಮ್ಯಾಲೆ ಕುಂತು ವರ್ಷಗಟ್ಟಲೆ ಆತು. ಸಿಗಲಿಲ್ಲಂದ್ರ ಪ್ಯಾಟ್ಯಾಗ ಹೊಸಾದು ತಗೊಂಡ್ರಾತು."

"ಬಾಯಿ ಮುಚ್ಚು," ಎಂದ ಓಂಕಾರ. ಗೆಳೆತನದಲ್ಲಿ ಅವನು ಮೊದಲ ಸಲ ಹೀಗೆ ಅಂದದ್ದು. ಖಾನಾಪುರದ ಹೊಲ ಬರುವವರೆಗೂ ಬೈಕಿನ ವೇಗ ಇಳಿಸಲಿಲ್ಲ.

ಗೂಟ ಖಾಲಿ ಇತ್ತು. ಮಂಚದ ಕೆಳಗೆ, ಖಾಲಿ ಬಾಟಲಿಗಳ ಡಬ್ಬಿಯಲ್ಲಿ, ಚುರುಮುರಿ ಚೀಲದಲ್ಲಿ, ಎಲ್ಲಿಯೂ ಇಲ್ಲ. ಓಂಕಾರ ನೆಲದ ಮೇಲೆ ಕೂತುಬಿಟ್ಟ. ಅಷ್ಟರಲ್ಲಿ ಹೊಲ ನೋಡಿಕೊಳ್ಳುವ ಕಾಡವ್ವ ಬಾಗಿಲಿಗೆ ಬಂದು ನಿಂತಳು. ಹಣೆಯ ತುಂಬ ವಿಭೂತಿ.

"ನಮ್ಮ ಮನ್ಯಾಗ ಐತ್ರಿ, ಬರ್ರಿ," ಎಂದಳು. "ಗ್ಲಾಸ ತೊಳ್ಯಾಕ ಬಂದಾಗ ನೋಡಿದ್ನಿ. ಕರಡಿಗಿ ಮುಟ್ಟಿಲ್ರಿ, ದಾರ ಹಿಡದು ಎತ್ತೀನಿ. ಜಗಲಿ ಮ್ಯಾಲೆ ಇಟ್ಟು ದೀಪಾ ಹಚ್ಚೀನಿ." ಸ್ವಲ್ಪ ತಡೆದು ಸೇರಿಸಿದಳು: "ಕಾಲಾಗಿನ ಚಪ್ಪಲಿ ಮರತ್ರ ನಾಕ ಹೆಜ್ಜಿ ಇಡೂದ್ರಾಗ ಗೊತ್ತಾಗತೈತಿ. ಇದು ಗೊತ್ತಾಗಲಿಲ್ಲೇನ್ರೀ?"

ಓಂಕಾರ ತಲೆ ತಗ್ಗಿಸಿ ಅವಳ ಹಿಂದೆ ನಡೆದ. ಅವಳ ಬಾವಿಯ ನೀರಲ್ಲಿ ತಲೆ ತೊಳೆದು, ಅವಳ ಜಗಲಿಯ ಮುಂದೆಯೇ ಕೂತು ಪೂಜೆ ಮಾಡಿ ಕರಡಿಗೆ ಕಟ್ಟಿಕೊಂಡ. ಎದೆಗೆ ಅದರ ತಂಪು ತಾಗಿದಾಗ ಅಳು ಬಂತು, ಅತ್ತ. ಅತ್ತ ಮೇಲೆ ಜೀವ ಹಗುರಾಯಿತು. ಮುಗಿಯಿತು, ಯಾರಿಗೂ ತಿಳಿಯಲಿಲ್ಲ ಎಂದುಕೊಂಡು ಖಾನಾಪುರದಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡ. ಅವ್ವನಿಗೆ ಶೀಕರಣಿ ಮಾಡಲು ಹೇಳಬೇಕು ಎಂಬ ಆಸೆ.

ಮನೆಯ ಬಾಗಿಲಲ್ಲೇ ಪದ್ಮಶ್ರೀ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು.

"ಅತ್ತಿ ಮುಂಜಾನಿಂದ ಹನಿ ನೀರ ಮುಟ್ಟಿಲ್ರಿ. ಶುಗರ್ ಗುಳಿಗಿನೂ ಒಲ್ಲೆ ಅಂದಾರು. ಯಾಕ ಅಂದ್ರ, ಅವ ಬರಲಿ ಅಂತಾರ."

ಕಾಶವ್ವ ಪೂಜೆಯ ಮಣೆಯ ಮೇಲೇ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಾಡಿತ್ತು.

"ಸಿಕ್ತೇನು?"

ಓಂಕಾರ ಕರಡಿಗೆ ಹೊರತೆಗೆದು ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಗೆ "ನೀರ ಕೊಡವಾ" ಅಂದಳು. ಕುಡಿದು ಮುಗಿಸುವವರೆಗೂ ಅವನು ನಿಂತೇ ಇದ್ದ.

"ಶನಿವಾರ ನೀ ಎಲ್ಲಿ ಹೋಗ್ತಿ ಅಂತ ನನಗ ಮೊದಲಿಂದ ಗೊತ್ತೈತಿ," ಎಂದಳು ಕಾಶವ್ವ. "ಲವಂಗ ಅಗದ್ರ ಅವ್ವಗ ಗೊತ್ತಾಗೂದಿಲ್ಲ ಅಂದ್ಕೊಂಡಿ? ಹೇಳಿದ್ರ ಬೈತಿದ್ನಿ, ಅಳತಿದ್ನಿ. ಆಮ್ಯಾಲೆ ಸುಮ್ಮನಾಗತಿದ್ನಿ. ಮಗ ದೊಡ್ಡಾವ ಆಗ್ಯಾನ. ಆದ್ರ ನನ್ನ ಬಾಜೂಕ ಕುಂತು ಬರೇ ಕೈಗಿ ಪತ್ರಿ ಏರಿಸಿದ್ಯಲ್ಲೋ. ನನ್ನ ಅಂಜಿಕಿಗೆ ಶಿವನ ಮುಂದ ಸುಳ್ಳ ಹೇಳಿದಿ. ಅದ ನನ್ನ ಹೊಟ್ಟಿ ಸುಡಾಕ ಹತ್ತೈತಿ."

ಬಾಳೆಹಣ್ಣು ಅಡುಗೆಮನೆಯ ಮೂಲೆಯಲ್ಲಿ ಕಪ್ಪಾದವು. ಯಾರೂ ಶೀಕರಣಿ ಮಾಡಲಿಲ್ಲ.

ಗೆಳೆಯರು ಕರೆದರೆಂದು ಓಂಕಾರ ಮತ್ತೊಮ್ಮೆ ಖಾನಾಪುರಕ್ಕೆ ಹೋದ, ಈ ಸಲ ಮನೆಯಲ್ಲಿ ಹೇಳಿಯೇ ಹೋದ. ಮಾಲಾ ಗೋದಿಯ ಬಿಯರು ಸುರಿದಳು. ಅವನು ಮೂಸಿ, ಗ್ಲಾಸು ಕೆಳಗಿಟ್ಟು, "ಏನೂ ತಿಳೀವಲ್ದು" ಎಂದ. ಮಾಲಾ ಅವನ ಮುಖ ನೋಡಿ ಚುರುಮುರಿಯ ಬಟ್ಟಲು ಅವನ ಕಡೆ ಸರಿಸಿದಳು.

ಈಗಲೂ ತಾಯಿ ಮಗ ಮುಂಜಾನೆ ಬಾಜುಬಾಜು ಕೂರುತ್ತಾರೆ. ಕಾಶವ್ವ ಬೈಯುವುದಿಲ್ಲ, ಹಳೆಯದನ್ನು ಎತ್ತುವುದಿಲ್ಲ, ಅವನಿಗಿಷ್ಟದ ಪಲ್ಯವನ್ನೂ ಮಾಡುತ್ತಾಳೆ. ಆದರೆ ಅವನು ಪತ್ರಿಗೆ ಕೈ ಹಾಕುವ ಮೊದಲು ಮೆಲ್ಲಗೆ, ಶಾಲೆಯ ಹುಡುಗನಿಗೆ ಅಂದಂತೆ, "ಕೈ ತೋರ್ಸು" ಅನ್ನುತ್ತಾಳೆ. ಓಂಕಾರ ಅಂಗೈ ಬಿಚ್ಚುತ್ತಾನೆ. ಅವಳು ಬಾಗಿ ನೋಡಿ, ಲಿಂಗ ಇದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ತನ್ನ ಪೂಜೆಗೆ ತಿರುಗುತ್ತಾಳೆ.