ಕುರುಗೋಡಿನ ಓಲೆ, ಸಿರುಗುಪ್ಪದ ಕಟ್ಟು

ಮೊನ್ನೆ ಸಂಜೆ ನನ್ನ ಮೊಮ್ಮಗಳು ಹಿಂದಿನಿಂದ ಬಂದು ನನ್ನ ಕಣ್ಣು ಮುಚ್ಚಿದಳು. ಯಾರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಅಂಗೈಯ ವಾಸನೆ ಮೂಗಿಗೆ ಬಂತು. ಬೇವಿನೆಣ್ಣೆ, ಅದರಲ್ಲಿ ಕಲಸಿದ ದೀಪದ ಮಸಿ. ಅರವತ್ತು ವರ್ಷವಾಗಿತ್ತು ಆ ವಾಸನೆ ಕುಡಿದು. ಕಾಲೇಜಿನಲ್ಲಿ ಹಳೆಯ ಓಲೆಗರಿಗಳಿಗೆ ಎಣ್ಣೆ ಹಚ್ಚಿ ಬಂದಿದ್ದಳಂತೆ. ನಾನು ಅವಳ ಕೈಯನ್ನು ಮೂಗಿನಿಂದ ಬಿಡಲಿಲ್ಲ. "ಬಿಡಜ್ಜಿ, ಸುದ್ದಿ ಹೇಳ್ತೀನಿ ಕೇಳು. ಪರೀಕ್ಷಾದಾಗ ನಾನೇ ಮೊದಲು ಬಂದೀನಿ!" ಎಂದಳು. ಎರಡು ಕಾವ್ಯಗಳನ್ನು ಹೋಲಿಸಿ ಬರೆಯಿರಿ, ಶರಣರನ್ನೂ ದಾಸರನ್ನೂ ಹೋಲಿಸಿ ಬರೆಯಿರಿ, ಅರಸರ ಆಳ್ವಿಕೆಯನ್ನೂ ಪ್ರಜೆಗಳ ಆಳ್ವಿಕೆಯನ್ನೂ ಹೋಲಿಸಿ ಬರೆಯಿರಿ ಎಂದು ಕೇಳಿದ್ದರಂತೆ. "ಮೂರಕ್ಕೂ ನಿನ್ನ ಗೆದ್ದಲ ಕಥೀನ ಬರದು ಬಂದೆ" ಎಂದು ಅವಳು ನಕ್ಕಾಗ ನನಗೆ ಕುಣಿಯಬೇಕೆನಿಸಿತು. ಮೊಣಕಾಲು ಬಿಡಲಿಲ್ಲ, ಇಲ್ಲದಿದ್ದರೆ ಕುಣಿದೇಬಿಡುತ್ತಿದ್ದೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಕಲಿತದ್ದೆಲ್ಲ ಪಕ್ಕದ ಮನೆಯ ಪಡಸಾಲೆಯಲ್ಲಿ, ಮರಳಿನ ಮೇಲೆ, ಬೆರಳಿನಿಂದ. ಆ ಮನೆ ಈಗಿಲ್ಲ, ನಮ್ಮ ಮನೆಯೂ ಇಲ್ಲ. ಆದರೆ ಸಂತೋಷ ಉಕ್ಕಿ ಬಂದಾಗ ಮನುಷ್ಯನಿಗೆ ಮೊದಲು ನೆನಪಾಗುವವರು ಹೋದವರೇ ಅಲ್ಲವೇ? ನಿಮಗೂ ಹಾಗೇ ಇರಬೇಕು.

ಬಳ್ಳಾರಿಯ ಕೋಟೆ ಗುಡ್ಡದ ಬುಡದಲ್ಲಿ ಎರಡು ಮಣ್ಣಿನ ಮಾಳಿಗೆಯ ಮನೆಗಳು, ನಡುವೆ ಒಂದೇ ಗೋಡೆ. ಅದು ಬಿಳಿಯರ ರಾಣಿಯ ಸರ್ಕಾರದ ಕಾಲ. ರೈಲಿನ ಕೂಗಿಗೆ ಎತ್ತುಗಳು ಇನ್ನೂ ಬೆದರುತ್ತಿದ್ದವು, ದೊಡ್ಡವರು ಮಾತಿಗೊಮ್ಮೆ ಧಾತು ವರ್ಷದ ಬರವನ್ನು ನೆನೆಯುತ್ತಿದ್ದರು. ಗೋಡೆಯ ಈಚೆ ನಾವು, ವೈಷ್ಣವರು. ನನ್ನ ತಾತನದು ಪುರಾಣ ಹೇಳುವ ವೃತ್ತಿ. ಗೋಡೆಯ ಆಚೆ ಶೈವರು, ಜೋಳ ಹತ್ತಿಗಳ ವ್ಯಾಪಾರದ ಪಂಪಾಪತೆಪ್ಪ ಸಾವಕಾರರು. ಗೋಡೆಯ ನಡುವೆ ಒಂದು ಕಿರುಬಾಗಿಲು, ನನ್ನ ಎತ್ತರದ ಮಕ್ಕಳಿಗೆ ಸರಿಯಾಗಿ, ದೊಡ್ಡವರು ಬಗ್ಗಿ ದಾಟುವಷ್ಟು. ನಮ್ಮ ಮನೆಯ ಮಡಿಯ ಹೊತ್ತು ಮುಗಿಯುವವರೆಗೆ ಅದಕ್ಕೆ ಚಿಲಕ. ಮಧ್ಯಾಹ್ನ ಚಿಲಕ ಸರಿದ ಸದ್ದು ಕೇಳಿತೆಂದರೆ ಆಚೆಯಿಂದ ಹುಣಸೆ, ಕರಿಬೇವು, ಈಚೆಯಿಂದ ಬೆಲ್ಲ, ತುಳಸಿ, ಎರಡೂ ಕಡೆಯಿಂದ ಮಾತು. ಅದರ ಹಿಂದೆಯೇ ನಾನು. ಆಚೆ ಮನೆಯಲ್ಲಿ ಸಾವಕಾರರ ಅಕ್ಕ ಗಂಗಕ್ಕ ಇದ್ದಳು, ಗಂಡ ತೀರಿದ ಮೇಲೆ ಕುರುಗೋಡಿನಿಂದ ತಮ್ಮನ ಮನೆಗೆ ಬಂದವಳು. ಅವಳಿಗೆ ಓದು ಬರುತ್ತಿತ್ತು. ಮರಳು ಹರವಿ, ನನ್ನ ಬೆರಳು ಹಿಡಿದು, ತಮ್ಮ ಮನೆಯ ಓಲೆಗಳನ್ನು ನೋಡಿಸುತ್ತ ಒಂದೊಂದೇ ಅಕ್ಷರ ಬರೆಸುತ್ತಿದ್ದಳು. ನಮ್ಮ ಅಜ್ಜಿಗೆ ಇದು ಗೊತ್ತಿತ್ತು, ತಾತನಿಗೆ ಗೊತ್ತಿರಲಿಲ್ಲ. ತಾತ ಕೆಟ್ಟವನಲ್ಲ; ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದು ಯಾರೂ ಕಂಡಿರಲಿಲ್ಲ, ಅಷ್ಟೇ.

ಎರಡೂ ಮನೆಗೆ ಒಂದೊಂದು ಓಲೆಯ ಕಟ್ಟು. ನಮ್ಮದು ಸಿರುಗುಪ್ಪದಿಂದ ಬಂದದ್ದು, ಹರಿಯ ಭಕ್ತರ ಕಥೆ. ಅವರದು ಕುರುಗೋಡಿನದು, ಶಿವನ ಭಕ್ತರ ಕಥೆ. ಶ್ರಾವಣದಲ್ಲಿ ಒಂದು ದಿನ ಈಚೆ ಪುರಾಣ, ಒಂದು ದಿನ ಆಚೆ. ಕಿರುಬಾಗಿಲು ತೆರೆದಿಟ್ಟರೆ ಎರಡು ಮನೆಯವರೂ ತಮ್ಮ ತಮ್ಮ ಪಡಸಾಲೆಯಲ್ಲೇ ಕೂತು ಕೇಳಬಹುದು. ಕೇಳಿದ ಮೇಲೆ ತಾತನಿಗೂ ಸಾವಕಾರರಿಗೂ ಹೋಲಿಸುವ ಚಟ. ಯಾರ ಕವಿ ದೊಡ್ಡವನು, ಯಾರ ಭಕ್ತ ಗಟ್ಟಿ. ಅದು ಜಗಳವಲ್ಲ, ಊಟವಾದ ಮೇಲಿನ ಎಲೆ ಅಡಿಕೆಯ ಹಾಗೆ.

ನಮ್ಮ ಕಟ್ಟಿನಲ್ಲಿ ಒಂದು ಓಲೆ ಇತ್ತು. ಬರಗಾಲದ ಊರು. ಒಬ್ಬ ಮುದುಕಿಯ ಹತ್ತಿರ ಒಂದೇ ಹಿಡಿ ಹಿಟ್ಟು. ಬಾಗಿಲಿಗೆ ಹಸಿದವನೊಬ್ಬ ಬರುತ್ತಾನೆ. ಅರ್ಧ ಕೊಡುತ್ತಾಳೆ. ಉಳಿದರ್ಧ ಕೇಳುತ್ತಾನೆ, ಅದನ್ನೂ ಕೊಡುತ್ತಾಳೆ. ಮಡಕೆ ಕೇಳುತ್ತಾನೆ, ತೊಳೆದು ಕೊಡುತ್ತಾಳೆ. ಇನ್ನೇನಿದೆ ಎಂದರೆ, ಇನ್ನು ಬಾಗಿಲೊಂದೇ ಇದೆ ಒಡೆಯಾ, ಅದನ್ನು ಕೊಡಲಾರೆ, ನಾಳೆ ಬರುವವರಿಗೆ ಅದು ತೆರೆದಿರಬೇಕು, ಎನ್ನುತ್ತಾಳೆ. ಇಲ್ಲಿಗೆ ಬಂದಾಗ ತಾತನ ದನಿ ಒಡೆಯುತ್ತಿತ್ತು. ಬರ ಕಂಡ ಜನ, ಎರಡೂ ಕಡೆ ಸೆರಗು ಕಣ್ಣಿಗೆ ಹೋಗುತ್ತಿತ್ತು. ಮುದುಕಿ ಎಲ್ಲಿಂದ ಬಂದಳು, ಹಿಂದಿನ ಓಲೆಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ತಾತ, "ಅದು ಒಳಗಥಿ, ಅಷ್ಟು ಸುಲಭಕ್ಕ ಸಿಗೋದಲ್ಲ" ಎನ್ನುತ್ತಿದ್ದ. ಆಚೆಯ ಪುರಾಣದಲ್ಲಿ ಇಂಥ ಅಳು ಇರಲಿಲ್ಲ. ಅಲ್ಲಿ ಶಿವ ಭಿಕ್ಷುಕನ ವೇಷದಲ್ಲಿ ಬರಗಾಲದ ಊರಿಗೆ ಬಂದ ಎಂದು ಒಂದು ಓಲೆ ಮುಗಿದರೆ, ಮುಂದಿನದು ತೆರೆಯುವುದೇ ಹೂಮಳೆಯಿಂದ. ಸಾವಕಾರರಿಗೆ ಅದೇ ಹೆಮ್ಮೆ. ನಡುವಿನದನ್ನು ಹೇಳದೆ ಬಿಟ್ಟವನೇ ದೊಡ್ಡ ಕವಿ ಎಂದು ಅವರ ವಾದ.

ಆ ವರ್ಷ ಶ್ರಾವಣಕ್ಕೆ ಸಿರುಗುಪ್ಪದಿಂದ ನಮ್ಮ ಬೀಗರೊಬ್ಬರು ಬಂದಿದ್ದರು. ಹೋಲಿಕೆ ಕೇಳಿ ಅವರಿಗೆ ನಗು. ತಾತ, ಬೀಗರ ಮುಂದೆ ದನಿ ಏರಿಸಿ, "ಸಾವಕಾರ್ರ, ನಿಮ್ಮದು ಕುರುಗೋಡು ಗುಡ್ಡದ್ದು. ಕಲ್ಲದ, ನೀರಿಲ್ಲ. ನಮ್ಮದು ಹೊಳಿ ದಂಡಿದು. ಆ ಮುದುಕಿಯಂಥಾಕಿನ್ನ ಒಬ್ಬಾಕಿನ್ನ ನಿಮ್ಮ ಕಟ್ಟಿನಾಗ ತೋರಿಸ್ರಿ, ನನ್ನ ಜನಿವಾರ ತಗದು ನಿಮ್ಮ ಬಾಗಲಕ್ಕ ಕಟ್ತೀನಿ!" ಎಂದ.

"ಅಳಿಸಿ ಗೆಲ್ಲೋದು ಯಾವ ದೊಡ್ಡಸ್ತಿಕೀರಿ ಆಚಾರ್ರ? ಈರುಳ್ಳಿ ಹೆಚ್ಚಿದ್ರೂ ಅಳು ಬರತೈತಿ. ನಮ್ಮ ಕವಿ ನೋಡ್ರಿ, ದೇವ್ರು ಬಂದ, ಹೂವು ಬಿತ್ತು. ನಡುವ ಮಾತ್ಯಾಕ?"

"ಅದು ಕವಿತ್ವ ಅಲ್ರೀ, ಕಿಂಡಿ!"

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕು, ಇಂಥವರ ಜೊತೆ ನಡುಗೋಡೆಗೆ ಬಾಗಿಲಿಟ್ಟುಕೊಂಡು ಬದುಕುತ್ತೀರಲ್ಲ ಎಂದರು. ಆಚೆ ಸಾವಕಾರರು ಎದ್ದು ನಿಂತರು. ತಾತ, ಬಾಗಿಲು ಮುಚ್ಚಿಸುತ್ತೇನೆ ಎಂದ. "ಮುಚ್ಚಸ್ರಿ! ಕಲ್ಲು ನಾನ ಕೊಡ್ತೀನಿ, ಕುರುಗೋಡು ಕಲ್ಲು! ನೀರಿಲ್ಲ ಅಂದ್ರಲ್ಲ, ಅವನ್ನ ಇಡಸ್ರಿ!" ಎಂದು ಸಾವಕಾರರು ಕೂಗಿದರು. ಮೂರನೆಯ ದಿನಕ್ಕೆ ಗೋಡೆ ಕಟ್ಟುವ ಗೌಂಡಿಯನ್ನು ಗೊತ್ತುಮಾಡಿದ್ದೂ ಆಯಿತು. ನಿಜವಾಗಿಯೂ ಕಲ್ಲಿನ ಬಂಡಿ ಬಂದು ನಮ್ಮ ಅಂಗಳದಲ್ಲಿ ನಿಂತಿತು.

ನನಗೆ ಅವರ ಕವಿಗಳಿಂದ ಆಗಬೇಕಾದ್ದೇನಿತ್ತು? ಬಾಗಿಲು ಮುಚ್ಚಿದರೆ ಗಂಗಕ್ಕ ಹೋದಳು, ಮರಳು ಹೋಯಿತು, ಅಕ್ಷರ ಹೋಯಿತು. ಒತ್ತಕ್ಷರಗಳು ಇನ್ನೂ ಬಾಕಿ ಇದ್ದವು. ಅಳುತ್ತ ಪಡಸಾಲೆಯಲ್ಲಿ ಕೂತಿದ್ದೆ. ತಾತ ಬೀಗರಿಗೆ ತೋರಿಸಲು ಕಟ್ಟಿನಿಂದ ಬಿಚ್ಚಿದ್ದ ಆ ಮುದುಕಿಯ ಓಲೆ ವ್ಯಾಸಪೀಠದ ಮೇಲೆ ಹಾಗೇ ಇತ್ತು. ಕಣ್ಣು ಒರೆಸಿಕೊಂಡು ನೋಡಿದೆ. ನೋಡಿದರೆ ಓದಲು ಬಂತು! ನಮ್ಮ ಕಟ್ಟಿನ ಬೇರೆ ಓಲೆಗಳ ಅಕ್ಷರ ನನಗೆ ಎಂದೂ ದಕ್ಕಿರಲಿಲ್ಲ, ಗುಂಡಗೆ ಒತ್ತೊತ್ತಾಗಿ ಇರುತ್ತಿದ್ದವು. ಇದು ಮಾತ್ರ ಬಲಕ್ಕೆ ವಾಲಿದ, ಉದ್ದ ಬಾಲದ ಅಕ್ಷರ, ಗಂಗಕ್ಕ ಮರಳಿನ ಮೇಲೆ ತಿದ್ದಿಸಿದ ಅಕ್ಷರ. ಈ ಓಲೆ ಆಚೆ ಮನೆಯದು.

ನಾಲ್ಕು ವರ್ಷದ ಹಿಂದೆ ನಡುಗೋಡೆಗೆ ಗೆದ್ದಲು ಹತ್ತಿತ್ತಂತೆ. ಗೋಡೆಯ ಎರಡು ಮಗ್ಗುಲಿನ ಗೂಡುಗಳಲ್ಲಿದ್ದ ಎರಡು ಕಟ್ಟುಗಳನ್ನೂ ಅದು ಅಂಚಿನಿಂದ ತಿಂದಿತ್ತು, ಅದೂ ಅಂಕಿ ಬರೆದಿದ್ದ ಅಂಚನ್ನೇ. ನಮ್ಮ ಅಜ್ಜಿಯೂ ಸಾವಕಾರರ ಹೆಂಡತಿಯೂ ಕಟ್ಟು ಬಿಚ್ಚಿ, ಬೇವಿನೆಣ್ಣೆ ಮಸಿ ಹಚ್ಚಿ, ಬಾಗಿಲ ಬಳಿ ನೆರಳಿನಲ್ಲಿ ಹರವಿ, ಮತ್ತೆ ದಾರ ಪೋಣಿಸಿದ್ದರು. ಇಬ್ಬರಿಗೂ ಓದು ಬಾರದು. ಎರಡು ಕಟ್ಟೂ ಊರುಗಳಿಂದ ಆಗಷ್ಟೇ ಬಂದಿದ್ದವು, ಗಂಡಸರೂ ಇನ್ನೂ ಓದಿರಲಿಲ್ಲ. ಗಂಗಕ್ಕ ಆಗಿನ್ನೂ ಕುರುಗೋಡಿನಲ್ಲಿದ್ದಳು. ಆಮೇಲೆ ಬಂದವಳು ಪುರಾಣದ ಮಾತನ್ನು ಗೋಡೆಯಾಚೆಯಿಂದ ಕೇಳಿದ್ದಳೇ ಹೊರತು ನಮ್ಮ ಓಲೆಯನ್ನು ಕಣ್ಣಿಂದ ಕಂಡಿರಲಿಲ್ಲ.

ಹೇಳಿದರೆ ತಾತನಿಗೆ ಊರ ಮುಂದೆ ಅವಮಾನ, ನಾನು ಕದ್ದು ಕಲಿತದ್ದೂ ಬಯಲು. ಹೇಳದಿದ್ದರೆ ಬಾಗಿಲಿಗೆ ಕಲ್ಲು. ಎರಡು ದಿನ ಚಿಲಕ ಬಿದ್ದ ಬಾಗಿಲ ಮುಂದೆಯೇ ಕೂತೆ. ಮೂರನೆಯ ದಿನ ಬೆಳಿಗ್ಗೆ ಗೌಂಡಿ ಖಾದರ್ ಸಾಬ ಬಂದು ಗಾರೆ ಕಲಸಿದ. ಕಿರುಬಾಗಿಲು ಕೊನೆಯ ಸಲ ತೆರೆದಿತ್ತು, ಆಚೆ ಎಲ್ಲರೂ ನಿಂತಿದ್ದರು. ಮೊದಲ ಕಲ್ಲು ಇಡುವ ಮುಂಚೆ ತಾತನಿಗೆ ಇನ್ನೊಮ್ಮೆ ಗೆಲ್ಲುವ ಆಸೆ. "ರುಕ್ಕಿ, ಆ ಓಲಿ ತಾ. ಕಡೀ ಸಲ ಕೇಳಲಿ ಇವರು." ತಂದು ತಾತನ ಮುಂದೆ ಹಿಡಿದೆ. ತಾತನ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಬಾಯಿಪಾಠದ ಮೇಲೆ ಓದುತ್ತಿದ್ದ. ಅವತ್ತು ಸಿಟ್ಟಿಗೆ ಬಾಯಿಪಾಠವೂ ತಪ್ಪಿತು. ಮಡಕೆ ಕೇಳುವ ಜಾಗಕ್ಕೆ ಬಂದು ನಿಂತುಬಿಟ್ಟ. ಮುಂದಿನದನ್ನು ನಾನು ಓದಿದೆ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಬಾಗಿಲೊಂದೇ ಇದೆ ಒಡೆಯಾ, ಎನ್ನುವವರೆಗೆ ಓದಿ ಮುಗಿಸಿದೆ.

ತಾತ ನನ್ನನ್ನು ನೋಡಿದ. "ಯಾರು ಕಲಿಸಿದ್ರು?"

"ಗಂಗಕ್ಕ" ಎಂದೆ. ಆಮೇಲೆ, ಹೇಗೂ ಮುಳುಗಿಯಾಯಿತು ಎಂದು, "ತಾತ, ಇದು ನಮ್ಮ ಓಲಿ ಅಲ್ಲ, ಅವರದು" ಎಂದೆ.

"ಸುಳ್ಳು ಹೇಳಬ್ಯಾಡ!" ಎಂದು ತಾತ ಗುಡುಗಿದ. ಅಷ್ಟರಲ್ಲಿ ಗಂಗಕ್ಕ ತಮ್ಮ ಕಟ್ಟನ್ನು ತಂದು ಹೊಸ್ತಿಲ ಮೇಲಿಟ್ಟು ದಾರ ಬಿಚ್ಚಿದಳು. ಶಿವ ಊರಿಗೆ ಬಂದ ಓಲೆ, ಹೂಮಳೆಯ ಓಲೆ. ನಡುವೆ ನನ್ನ ಕೈಯ ಓಲೆಯನ್ನು ಇಟ್ಟಳು. ಅಕ್ಷರದ ಬಾಲದ ಮಾತು ಹೇಳಿದಳು. ಗಂಡಸರು ಒಪ್ಪಲಿಲ್ಲ, ಒಬ್ಬನ ಕೈಬರಹದ ಹಾಗೆ ಇನ್ನೊಬ್ಬನದು ಇರಬಾರದೇ? ಆಗ ಒಂದಕ್ಷರ ಬಾರದ ನಮ್ಮ ಅಜ್ಜಿ ಬಗ್ಗಿ ನೋಡಿದವಳು, "ಅಯ್ಯ, ಅಕ್ಷರ ಯಾಕ ನೋಡ್ತೀರಿ? ಗೆದ್ದಲು ತಿಂದ ಹಾದಿ ನೋಡ್ರಿ" ಎಂದಳು. ಎಲ್ಲರೂ ಬಗ್ಗಿದರು. ಗೆದ್ದಲು ಕಟ್ಟಿನ ಅಂಚಿನಲ್ಲಿ ಬಾವಿಯಂತೆ ಸುತ್ತಿ ಸುತ್ತಿ ಇಳಿದಿತ್ತು. ಮೇಲಿನ ಓಲೆಯ ಕಚ್ಚು, ಮುದುಕಿಯ ಓಲೆಯ ಕಚ್ಚು, ಕೆಳಗಿನ ಓಲೆಯ ಕಚ್ಚು, ಒಂದರೊಳಗೊಂದು ಕೂದಲೆಳೆ ತಪ್ಪದೆ ಕೂತವು. ಆ ಹುಳಕ್ಕೆ ಹರಿ ಹರ ಯಾರೆಂದು ಗೊತ್ತೇ? ಅದು ಸುಳ್ಳು ಹೇಳುವುದುಂಟೇ?

ಗಾರೆಯಲ್ಲಿ ಗುಳ್ಳೆ ಒಡೆಯುವುದು ಕೇಳುತ್ತಿತ್ತು. ಮೊದಲು ನಕ್ಕವರು ಸಾವಕಾರರು. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು. "ಅಲ್ರೀ ಆಚಾರ್ರ, ನಾಲ್ಕು ವರ್ಷ ನೀವು ನಮ್ಮ ಓಲಿ ಓದಿ ಅತ್ತೀರಿ. ನಾನು ಕಿಂಡಿಗೆ ಕೈ ಮುಗಿದೀನಿ!"

ತಾತ ಓಲೆಯ ಕಚ್ಚನ್ನು ಬೆರಳಿನಿಂದ ತಡವಿ ನೋಡಿದ. ಆಮೇಲೆ ನಿಧಾನವಾಗಿ ಹೆಗಲ ಜನಿವಾರಕ್ಕೆ ಕೈ ಹಾಕಿದ, ಆಡಿದ ಮಾತು ನೆನಪಿತ್ತು ಅವನಿಗೆ. ಸಾವಕಾರರು ಬಗ್ಗಿ ಹೊಸ್ತಿಲು ದಾಟಿ ಬಂದೇಬಿಟ್ಟರು. "ಬ್ಯಾಡ್ರಿ, ಬ್ಯಾಡ್ರಿ! ನಮ್ಮ ಬಾಗಲಕ್ಕ ಮಾವಿನ ತೋರಣ ಐತಿ, ಅದು ಸಾಕು."

"ಗ್ವಾಡಿ ಕಟ್ಲೋ, ಗಾರಿ ಚೆಲ್ಲಲೋ, ಒಂದು ಹೇಳ್ರೀ ಯಜಮಾನ್ರ" ಎಂದು ಖಾದರ್ ಸಾಬ ಗಾರೆ ಮೆತ್ತುವ ಕರಣಿ ಹಿಡಿದು ಕೇಳಿದ. ಎರಡು ಮನೆಯ ನಗು ಒಟ್ಟಿಗೆ ಎದ್ದದ್ದು ಕೋಟೆ ಗುಡ್ಡಕ್ಕೆ ಕೇಳಿರಬೇಕು. ಕಲಸಿದ ಗಾರೆ, ತಂದ ಕಲ್ಲು ಹಾಳಾಗಬಾರದೆಂದು ಅಜ್ಜಿ ಬಾಗಿಲಿನ ಪಕ್ಕದಲ್ಲೇ ಒಂದು ಕಟ್ಟೆ ಕಟ್ಟಿಸಿದಳು, ಅರ್ಧ ಈಚೆ ಅರ್ಧ ಆಚೆ. ತಾತ ನನ್ನನ್ನು ಎತ್ತಿ ಅದರ ಮೇಲೆ ಕೂಡಿಸಿ, "ನನ್ನ ಕಣ್ಣು ಹೋದವು. ನಾಳಿಂದ ನೀ ಓದು, ನಾ ಅರ್ಥಾ ಹೇಳ್ತೀನಿ" ಎಂದ. ಒಂಬತ್ತು ವರ್ಷದ ಹುಡುಗಿ ನಾನು. ದಸರೆಯಲ್ಲಿ ಆನೆಯ ಮೇಲೆ ಕೂತ ಅರಸನಿಗೂ ಅಷ್ಟು ಎತ್ತರ ಸಿಕ್ಕಿರಲಾರದು. ಓಲೆ ಕುರುಗೋಡಿನ ಕಟ್ಟಿಗೆ ಹಿಂದಿರುಗಿತು. ಆದರೆ ಶ್ರಾವಣದಲ್ಲಿ ಆ ಜಾಗ ಬಂದಾಗ ಸಾವಕಾರರೇ ಅದನ್ನು ಅರಿವೆಯಲ್ಲಿ ಸುತ್ತಿ ತಂದು, "ಅಳ್ರಿ ಆಚಾರ್ರ" ಎಂದು ಕೊಡುತ್ತಿದ್ದರು.

ಹೋಲಿಸುವ ಚಟ ಬಿಡಲಿಲ್ಲ, ಅದು ಬಿಡುವಂಥದ್ದಲ್ಲ. ಅದೇ ಕಟ್ಟೆಯ ಮೇಲೆ ಶರಣರನ್ನೂ ದಾಸರನ್ನೂ ತೂಗಿದರು. ಸಂಸ್ಕೃತ ಬಿಟ್ಟು ಜನರ ಮಾತಿನಲ್ಲಿ ದೇವರನ್ನು ಕರೆದವರು ನಮ್ಮವರು ಎಂದು ತಾತ ಎದೆ ಉಬ್ಬಿಸಿದರೆ, ಅಜ್ಜಿ ಒಳಗಿನಿಂದ, "ಗೆದ್ದಲು ಹಾದಿ ನೋಡ್ರಿ, ಆ ಓಲಿ ಮೊದ್ಲು ಯಾರ ಕಟ್ಟಿನಾಗಿತ್ತು?" ಎನ್ನುವಳು. ಹಂಪಿಯ ಅರಸರನ್ನೂ ರಾಣಿಯ ಸರ್ಕಾರವನ್ನೂ ತೂಗಿದರು. ಸರ್ಕಾರ ನೀರು ಕೊಡುತ್ತದೆ ಎಂದು ಸಾವಕಾರರು ಹೊಗಳಿದರೆ, ಕೆರೆ ಕಟ್ಟಿಸಿದವರು ಯಾರು ಎಂದು ಗಂಗಕ್ಕ. ಅರಸರ ಕಾಲವೇ ಚಿನ್ನ ಎಂದು ತಾತ ಹೇಳಿದರೆ, ಆ ಕೆರೆಗೆ ಮಣ್ಣು ಹೊತ್ತವರನ್ನು ಕೇಳಿ ಬರ್ರಿ ಎಂದೂ ಗಂಗಕ್ಕನೇ. ಯಾವುದು ದೊಡ್ಡದು ಎಂದು ಕೇಳುವ ಮೊದಲು ಎರಡನ್ನೂ ಬಿಚ್ಚಿ ಪಕ್ಕಪಕ್ಕ ಹರವಬೇಕು, ಯಾರ ಓಲೆ ಯಾರ ಕಟ್ಟಿನಲ್ಲಿದೆ ನೋಡಬೇಕು. ಇಷ್ಟೇ ನಾನು ಕಲಿತದ್ದು, ಇಷ್ಟನ್ನೇ ಮೊಮ್ಮಗಳಿಗೆ ಕಥೆಯಂತೆ ಹೇಳಿದ್ದು. ಅದಕ್ಕೆ ಅವಳು ಮೊದಲು ಬಂದಳು ನೋಡಿ!

ಈಗ ಅವರ್ಯಾರೂ ಇಲ್ಲ. ನಾನು ಲಗ್ನವಾಗಿ ಹೋದ ವರ್ಷವೇ ತಾತ ತೀರಿಕೊಂಡ, ಶ್ರಾವಣಕ್ಕೆ ಮೂರು ದಿನ ಮುಂಚೆ. ಗಂಗಕ್ಕ ಕುರುಗೋಡಿಗೆ ಮರಳಿ ಅಲ್ಲೇ ಮಣ್ಣಾದಳು. ಓಲೆಯ ಕಟ್ಟುಗಳು ಯಾರ ಪಾಲಿಗೆ ಹೋದವೋ ತಿಳಿಯದು. ಪರೀಕ್ಷೆಯ ಸುದ್ದಿ ಕೇಳಿದ ಮರುದಿನ ಮೊಮ್ಮಗಳ ಕೈ ಹಿಡಿದು ಕೋಟೆಯ ಕಡೆ ಹೋದೆ, ಅವರಿಗೆ ಹೇಳಿ ಬರಬೇಕು ಎನ್ನುವ ಹಾಗೆ. ಅಲ್ಲಿ ರಸ್ತೆಯಾಗಿದೆ. ನಮ್ಮ ಗೋಡೆ ಇಲ್ಲ, ಅವರ ಗೋಡೆ ಇಲ್ಲ, ನಡುಗೋಡೆಯೂ ಇಲ್ಲ. ಬಾಗಿಲು ಮುಚ್ಚಲು ತಂದಿದ್ದ ಕುರುಗೋಡಿನ ಕಲ್ಲಿನ ಕಟ್ಟೆಯೊಂದು ರಸ್ತೆಯ ಮಗ್ಗುಲಲ್ಲಿ ಉಳಿದಿತ್ತು, ಕೂತು ಕೂತು ನುಣುಪಾಗಿ. ಅದರ ಮೇಲೆ ಒಬ್ಬ ಸೊಪ್ಪಿನಾಕೆ ಬುಟ್ಟಿ ಇಳಿಸಿ ಕೂತಿದ್ದಳು. ನಮ್ಮನ್ನು ನೋಡಿ ಬುಟ್ಟಿ ಸರಿಸಿ, "ಬರ್ರಿ ಅಮ್ಮಾರ, ಕುಂದರ್ರಿ, ಜಾಗ ಐತಿ" ಎಂದಳು.