ಹಿಂದಿನ ಸಿಲಿಂಡರಿನ ಪ್ಲಗ್

ವಾಡಿಯಲ್ಲಿ, ನನಗೆ ಕೆಲಸ ಕಲಿಸಿದ ಉಸ್ತಾದರ ಗ್ಯಾರೇಜಿನಲ್ಲಿ ನಾನು ಎಂಟು ವರ್ಷ ಟೂ-ಸ್ಟ್ರೋಕ್ ಬೈಕುಗಳ ಎಂಜಿನ್ ಬಿಚ್ಚಿ ಕಟ್ಟಿದವನು. ಒಂದು ದಿನ ರೇಲ್ವೆ ನೌಕರನೊಬ್ಬನ ಬೈಕು ದಾರಿಯಲ್ಲೇ ಕೈಕೊಟ್ಟಿತು. ಪಿಸ್ಟನ್ ರಿಂಗನ್ನು ತಪ್ಪಾಗಿ ಕೂಡಿಸಿದವನು ನಾನಲ್ಲ. ಆದರೂ ಉಸ್ತಾದರು ಗಿರಾಕಿಗಳೆದುರು ನನ್ನ ಕೆನ್ನೆಗೆ ಬಾರಿಸಿದರು. ಆಗ ನನಗೆ ಇಪ್ಪತ್ತೇಳು, ಮದುವೆಯೂ ಆಗಿತ್ತು. ಅವತ್ತೇ ಬಿಟ್ಟು ಬಂದು ಶಹಾಬಾದಿನಲ್ಲಿ ನನ್ನದೇ ಶೆಡ್ ಹಾಕಿದೆ. ಅವರ ಗಿರಾಕಿಗಳನ್ನು ಬೇಕಂತಲೇ ನನ್ನ ಕಡೆ ಎಳೆದುಕೊಂಡೆ. ಅವರೂ ಸುಮ್ಮನಿರಲಿಲ್ಲ. ನನ್ನ ಕೈಗೆ ಗಾಡಿ ಕೊಡುವುದೂ ಗುಜರಿಗೆ ಹಾಕುವುದೂ ಒಂದೇ ಎಂದು ಚಿತ್ತಾಪುರ, ಸೇಡಂವರೆಗೂ ಸಾರಿದರು.

ನಾಲ್ಕು ವರ್ಷ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮತ್ತೆ ನೋಡಿದ್ದು ಒಂದು ವಾಟರ್ ಸ್ಕೂಟರಿನ ದೆಸೆಯಿಂದ.

ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡಿಸುವ ಸಾಹುಕಾರರೊಬ್ಬರು ಅದನ್ನು ಗೋವಾದಿಂದ ಕಲ್ಲಿನ ಲಾರಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಅವರದೊಂದು ಹಳೇ ಖಣಿಯಲ್ಲಿ ಕಲ್ಲು ಮುಗಿದು, ಕೆರೆಯಷ್ಟು ಅಗಲಕ್ಕೆ ನೀರು ನಿಂತಿತ್ತು. ಭಾನುವಾರ ಸೋಲಾಪುರದಿಂದ ಬೀಗರು ಬರುವವರಿದ್ದರು. ಅವರೆದುರು ಅದನ್ನು ಓಡಿಸಬೇಕಿತ್ತು. ಆದರೆ ಅದು ನಿಧಾನಕ್ಕೆ ಹೋದರೆ ಹೋಗುತ್ತಿತ್ತು, ಪೂರಾ ರೇಸ್ ಕೊಟ್ಟ ಕೂಡಲೇ ಉಸಿರುಗಟ್ಟಿದಂತೆ ನಿಲ್ಲುತ್ತಿತ್ತು. ಸಾಹುಕಾರರು ನಮ್ಮಿಬ್ಬರನ್ನೂ ಕರೆಸಿದ್ದರು. ಒಬ್ಬನನ್ನು ಕರೆದದ್ದನ್ನು ಇನ್ನೊಬ್ಬನಿಗೆ ಹೇಳಿರಲಿಲ್ಲ.

ನಾನು ಹೋದಾಗ ಉಸ್ತಾದರು ಆಗಲೇ ಮುಚ್ಚಳ ತೆಗೆದು ಬಗ್ಗಿದ್ದರು. ನನ್ನನ್ನು ನೋಡಿ ಖಣಿಯ ಕಡೆ ಉಗುಳಿದರು. ನಾನೂ ಉಗುಳಿದೆ.

ಎಂಜಿನ್ನಿಗೆ ಎರಡು ಸಿಲಿಂಡರು, ಎರಡು ಕಾರ್ಬೊರೇಟರು. ರೇಸಿಗೆಂದು ಯಾರೋ ಅದರ ಮೈಯನ್ನೆಲ್ಲ ಬದಲಿಸಿದ್ದರು. ಒತ್ತಡ ಹೆಚ್ಚಲೆಂದು ಹೆಡ್ ತೇಯ್ದಿದ್ದರು, ಸೈಲೆನ್ಸರ್ ಕೊಯ್ದು ಗಿಡ್ಡ ಮಾಡಿದ್ದರು, ಪೆಟ್ರೋಲ್ ಬಿಡುವ ಜೆಟ್ಟುಗಳನ್ನೂ ಬೇರೆ ಹಾಕಿದ್ದರು. ಇಂಥ ಎಂಜಿನ್ನಿಗೆ ಪೆಟ್ರೋಲ್ ತುಸು ಕಮ್ಮಿಯಾದರೂ ಪಿಸ್ಟನ್ ಕಾದು, ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಒಮ್ಮೆ ಚಾಲೂ ಮಾಡಿ ಕೇಳಿ, ಆಮೇಲೆ ಪ್ಲಗ್ ಬಿಚ್ಚಿ ನೋಡಿದೆವು. ಮುಂದಿನದು ಕಾಫಿ ಬಣ್ಣಕ್ಕಿತ್ತು. ಅದು ಸರಿಯಾದ ಬಣ್ಣ. ಹಿಂದಿನದು ಸುಣ್ಣದಂತೆ ಬೆಳ್ಳಗಾಗಿತ್ತು. ಅಲ್ಲಿ ಪೆಟ್ರೋಲ್ ಸಾಲುತ್ತಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಯಾಕೆ ಎಂಬಲ್ಲಿ ಜಗಳ ಶುರುವಾಯಿತು.

ಹಿಂದಿನ ಜೆಟ್ ಸಣ್ಣದಾಗಿದೆ, ದೊಡ್ಡದು ಹಾಕಿದರೆ ಮುಗಿಯಿತು, ಒಂದು ತಾಸಿನ ಕೆಲಸ ಎಂದೆ. ಉಸ್ತಾದರು ನನ್ನ ಕಡೆ ತಿರುಗಲೂ ಇಲ್ಲ. ಸಾಹುಕಾರರಿಗೇ ಹೇಳಿದರು: "ಎರಡಕ್ಕೂ ಒಂದೇ ನಂಬರಿನ ಜೆಟ್ ಅವರಿ. ಜೆಟ್ ತಪ್ಪಿದ್ರ ಎರಡೂ ಪ್ಲಗ್ ಬೆಳ್ಳಗಾಗ್ತಿದ್ದವು. ಹಿಂದಿನ ರಬ್ಬರ್ ಸೀಲ್ ಹರದದ, ಅಲ್ಲಿಂದ ಗಾಳಿ ಎಳಕೊಳ್ಳಾಕತ್ತದ. ರೇಸ್ ಬಿಟ್ಟ ಮ್ಯಾಲೂ ಎಂಜಿನ್ ಜಲ್ದಿ ಇಳೀವಲ್ದು, ನೀವೇ ಕೇಳ್ರಿ."

ಆ ಸದ್ದನ್ನು ನಾನೂ ಕೇಳಿದ್ದೆ. ರೇಸ್ ಬಿಟ್ಟರೂ ಎಂಜಿನ್ ಒಂದು ಗಳಿಗೆ ಮೇಲೆಯೇ ಕೂಗುತ್ತಿತ್ತು. ಬೇರೆ ಯಾರೇ ಅದನ್ನು ತೋರಿಸಿಕೊಟ್ಟಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಹೇಳಿದವರು ಅವರಾದ್ದರಿಂದ ಅದು ತಪ್ಪಾಗಲೇಬೇಕೆಂದು ನನಗೆ ಅನಿಸಿತು.

ಎಂಜಿನ್ನಿನ ಬಾಯಿಗಳನ್ನೆಲ್ಲ ಟ್ಯೂಬಿನ ರಬ್ಬರಿನಿಂದ ಬಿಗಿದು, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಎಲ್ಲಿ ಸೋರುತ್ತದೆಂದು ನೋಡಬೇಕು, ಅದಕ್ಕೆ ಎಂಜಿನ್ ಹೊರಗೆ ಇಳಿಸಬೇಕು, ಎರಡು ದಿನ ಬೇಕು ಎಂದರು ಉಸ್ತಾದರು. ಅಂದು ಶನಿವಾರ. ಸಾಹುಕಾರರು ನನ್ನ ಒಂದು ತಾಸನ್ನೇ ಆರಿಸಿದರು. ಉಸ್ತಾದರು ಪಾನಾ, ಸ್ಕ್ರೂಡ್ರೈವರುಗಳನ್ನು ಅರಿವೆಯಲ್ಲಿ ಸುತ್ತಿಕೊಂಡು ಎದ್ದರು. ಹೋಗುವಾಗ ನನ್ನ ಹತ್ತಿರ ನಿಂತು, "ನಿನಗ ಗೊತ್ತದ. ಗೊತ್ತಿದ್ದೇ ಮಾಡಾಕತ್ತಿ" ಎಂದರು.

ದೊಡ್ಡ ಜೆಟ್ ಹಾಕಿದೆ. ಸಂಜೆ ಸ್ಕೂಟರು ಖಣಿಯನ್ನು ನಾಲ್ಕು ಸುತ್ತು ಹಾಕಿತು. ಸಾಹುಕಾರರು ನನ್ನ ಬೆನ್ನು ಚಪ್ಪರಿಸಿದರು. ಉಸ್ತಾದರು ಮುದುಕರಾದರು, ಕಿವಿ ಕೇಳುವುದಿಲ್ಲ ಎಂದು ನಾನು ಅಲ್ಲಿದ್ದವರಿಗೆಲ್ಲ ಹೇಳಿದೆ.

ಭಾನುವಾರ ಹನ್ನೊಂದರ ಬಿಸಿಲಿಗೆ ಬೀಗರು ದಂಡೆಯ ಕಲ್ಲಿನ ಮೇಲೆ ಜಮಖಾನ ಹಾಸಿ ಕುಳಿತರು. ಸಾಹುಕಾರರ ಅಳಿಯ ಸ್ಕೂಟರ್ ಹತ್ತಿದ. ಮೂರನೆಯ ಸುತ್ತಿನಲ್ಲಿ ಪೂರಾ ರೇಸ್ ಕೊಟ್ಟ. ಎಂಜಿನ್ನಿನ ಕೂಗು ಇದ್ದಕ್ಕಿದ್ದಂತೆ ಕತ್ತರಿಸಿ ಹೋಯಿತು, ಅವನು ಮುಗ್ಗರಿಸಿ ನೀರಿಗೆ ಬಿದ್ದ. ತೇಲುವ ಜಾಕೀಟು ಇತ್ತು, ಆದರೆ ಈಜು ಬರುತ್ತಿರಲಿಲ್ಲ. ಅವನ ಹೆಂಡತಿ ದಂಡೆಯಲ್ಲಿ ಚೀರುತ್ತಿದ್ದಳು. ಕಲ್ಲು ಎತ್ತುವ ಹಗ್ಗ ಹಿಡಿದು ಇಬ್ಬರು ಕೂಲಿಯವರು ಧುಮುಕಿದರು. ಎಳೆದು ತಂದಾಗ ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

ಸಾಹುಕಾರರು ದಂಡೆಯಲ್ಲೇ ನಿಂತಿದ್ದ ನನ್ನ ಕೊರಳಪಟ್ಟಿ ಹಿಡಿದರು. ನಿನ್ನೆ ಉಸ್ತಾದರು ಮೊದಲೇ ಏನೇನೋ ಬಿಚ್ಚಿದ್ದರು, ಏನು ಮಾಡಿಟ್ಟು ಹೋದರೋ ಯಾರಿಗೆ ಗೊತ್ತು ಎಂದುಬಿಟ್ಟೆ. ಆ ಮಾತು ಇಷ್ಟು ಸಲೀಸಾಗಿ ನನ್ನ ಬಾಯಿಂದ ಬಂದದ್ದು ಇವತ್ತಿಗೂ ನನ್ನನ್ನು ಹೆದರಿಸುತ್ತದೆ. ಸಾಹುಕಾರರು ನಂಬಿದರು. ಸಂಜೆಯೇ ಅವರ ಆಳುಗಳು ವಾಡಿಗೆ ಹೋಗಿ, ಉಸ್ತಾದರನ್ನು ಅವರ ಗ್ಯಾರೇಜಿನ ಮುಂದೆಯೇ ಬಾಯಿಗೆ ಬಂದಂತೆ ಬೈದು ಬಂದರು.

ಸೋಮವಾರ ನನ್ನ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿದೆ. ಹಿಂದಿನ ಪಿಸ್ಟನ್ನಿನ ಮೈಯೆಲ್ಲ ಗೀರು. ಅದರ ಬದಿಯ ಆಯಿಲ್ ಸೀಲಿನ ತುಟಿ ಒಣಗಿ ಹರಿದಿತ್ತು, ಉಗುರಿನಿಂದ ಎತ್ತಿದರೆ ಎದ್ದು ಬರುತ್ತಿತ್ತು. ದೊಡ್ಡ ಜೆಟ್ ಒಂದು ದಿನ ಆ ತೂತನ್ನು ಮರೆಮಾಡಿತ್ತು, ಅಷ್ಟೇ.

ಮಧ್ಯಾಹ್ನದವರೆಗೆ ಕೂತು, ಆಮೇಲೆ ಸೀಲನ್ನು ಜೇಬಿನಲ್ಲಿಟ್ಟುಕೊಂಡು ವಾಡಿಯ ಬಸ್ಸು ಹತ್ತಿದೆ. ಉಸ್ತಾದರು ಒಂದು ಸ್ಕೂಟರಿನ ಕ್ಲಚ್ ಕೂಡಿಸುತ್ತಿದ್ದರು. ಸೀಲನ್ನು ಅವರೆದುರು ಇಟ್ಟೆ. ಕೈ ಒರೆಸಿಕೊಂಡು, ಎತ್ತಿ, ಬೆಳಕಿಗೆ ಹಿಡಿದು ನೋಡಿ, ತಿರುಗಿ ನನ್ನ ಕೈಗೇ ಕೊಟ್ಟರು.

"ಇದು ನನಗ್ಯಾಕ ತೋರಿಸ್ತಿ? ನಾ ಶನಿವಾರನೇ ಹೇಳೀನಿ. ಸಾಹುಕಾರಗ ತೋರ್ಸು ಹೋಗು."

ತಪ್ಪಾಯಿತು ಎನ್ನಲು ಬಾಯಿ ತೆಗೆದೆ. ಅವರು ಎದ್ದು ಒಳಗೆ ಹೋದರು.

ಸಾಹುಕಾರರಲ್ಲಿಗೆ ಹೋಗಲು ನನಗೆ ಎರಡು ದಿನ ಹಿಡಿಯಿತು. ಪಾಲಿಶ್ ಮಷೀನುಗಳ ಗದ್ದಲದಲ್ಲಿ ನಿಂತು, ಉಸ್ತಾದರದು ಏನೂ ತಪ್ಪಿಲ್ಲ, ಅವರು ಹೇಳಿದ್ದೇ ಖರೆ, ನಾನು ಸುಳ್ಳು ಹೇಳಿದೆ ಎಂದೆ. ಅವರು ಪೂರಾ ಕೇಳಿಸಿಕೊಂಡು, "ಇಬ್ಬರೂ ನನ್ನ ಗೇಟ್ ಒಳಗ ಕಾಲಿಡಬ್ಯಾಡ್ರಿ" ಎಂದರು. ಉಸ್ತಾದರಿಗೆ ಹೇಳಿ ಕಳಿಸಿದ ಬೈಗುಳವನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ವಾಟರ್ ಸ್ಕೂಟರನ್ನು ಆ ತಿಂಗಳೇ ಹೈದರಾಬಾದಿನ ಯಾರಿಗೋ ದಾಟಿಸಿದರು.

ಅದಾದ ಮೇಲೂ ಉಸ್ತಾದರು ನನ್ನ ಬಗ್ಗೆ ಆಡುವುದನ್ನು ಬಿಡಲಿಲ್ಲ. ಅವರ ಬಗ್ಗೆ ಆಡುವುದನ್ನು ನಾನು ಬಿಟ್ಟೆ. ಪ್ರೀತಿಯಿಂದಲ್ಲ. ಬಿಡಿಭಾಗದ ಅಂಗಡಿಯಲ್ಲಿ ಎದುರಾದರೆ ಈಗಲೂ ನನಗೆ ಮೈ ಉರಿಯುತ್ತದೆ, ಅವರು ಕೆಲಸ ಮುಗಿಸಿ ಹೋಗುವವರೆಗೆ ರಸ್ತೆಯಾಚೆ ಹೋಗಿ ನಿಲ್ಲುತ್ತೇನೆ.